ಮುಂದ ಕುಂತವರ ಭಾರ

ಬೆರಳು ಸುಟ್ಟದ್ದು ಆಕಿಗೆ ಗೊತ್ತ ಆಗಲಿಲ್ಲ. ವಾಸನಿ ಬಂದಿದ್ದಕ್ಕ ನಾನು ಹೊಳ್ಳಿ ನೋಡಿದೆ. ನನ್ನ ಹೆಂಡ್ತಿ ಒಲಿ ಮುಂದ ಕುಂತು ರೊಟ್ಟಿ ಬೇಯಸಾಕತ್ತಿದ್ಳು. ಎಡಗೈ ಕಿರಿಬೆರಳು ಹಂಚಿನ ಅಂಚಿಗೆ ತಾಗಿಕೊಂಡು ಹಂಗ ಇತ್ತು.

"ಏ, ಕೈ! ಕೈ ತಗಿ!" ಅಂತ ಒದರಿದೆ.

ಆಕಿ ಕೈ ತಗದು, ಬ್ಯಾರೆ ಯಾರದೋ ಬೆರಳು ನೋಡಿದಂಗ ತನ್ನ ಬೆರಳು ನೋಡಿಕೊಂಡ್ಳು. ನೀರಿನ ಬಟ್ಟಲದಾಗ ಅದ್ದಿದ್ಳು. "ಏನೂ ಉರಿಯಾಕತ್ತಿಲ್ಲ ಬಿಡ್ರಿ" ಅಂದು ಮುಂದಿನ ರೊಟ್ಟಿಗೆ ಹಿಟ್ಟು ತಗೊಂಡ್ಳು.

ಸುಟ್ಟ ಬೆರಳು ಉರೀಬೇಕಲ್ಲ.

ನಾವು ಇರೂದು ಮಲಾಡ್ ಪೂರ್ವದಾಗ, ಗುಡ್ಡದ ಏರಿನ ಮ್ಯಾಲ ಒಂದು ಚಾಳಿನಾಗ. ನಾನು ಕೆಳಗ ಒಂದು ಸೊಸೈಟಿದಾಗ ವಾಚ್‌ಮನ್. ಎರಡನೇ ಪಾಳಿ, ಮಧ್ಯಾಹ್ನ ಎರಡಕ್ಕ ಸುರು. ಆಕಿ ಜ್ವಾಳದ ಖಡಕ್ ರೊಟ್ಟಿ ಮಾಡಿ ಕೊಡತಾಳ. ನಮ್ಮ ಕಡೆ ಮಂದಿ ಈ ಊರಾಗ ಎಲ್ಲೆಲ್ಲಿ ಅದಾರೋ, ಸಯನ್ ಆಗಲಿ ಅಂಧೇರಿ ಆಗಲಿ, ಒಬ್ಬರ ಬಾಯಿಂದ ಒಬ್ಬರಿಗೆ ಸುದ್ದಿ ಹೋಗಿ ಆಕಿ ರೊಟ್ಟಿ ಕೇಳಕೊಂಡು ಬರತಾರ. ಮನಿ ಹಿಂದ ತಗಡಿನ ಪತ್ರಾ ಹೊದಿಸಿದ ಸಣ್ಣ ಜಾಗಾ ಐತಿ, ಅಲ್ಲಿ ಒಲಿ. ಮನ್ಯಾಗ ಗ್ಯಾಸ್ ಇಲ್ಲ ಅಂತಲ್ಲ. ಚಾ, ಸಾರು, ಅನ್ನ ಎಲ್ಲಾ ಗ್ಯಾಸ್ ಮ್ಯಾಲ. ರೊಟ್ಟಿಗೆ ಮಾತ್ರ ಅದು ನಡೂದಿಲ್ಲ ಅಂತಾಳ. ಗ್ಯಾಸಿನ ಉರಿ ನಡುವ ಅಷ್ಟ ಹತ್ತತೈತಿ, ರೊಟ್ಟಿ ನಟ್ಟನಡುವ ಕರ್ರಗಾಗಿ ಅಂಚು ಹಸಿ ಉಳೀತೈತಿ. ಕಟಗಿ ಉರಿ ಹಂಚಿನ ತಳಾ ಪೂರಾ ನೆಕ್ಕತೈತಿ. ನಾನೂ ತಿಂದು ನೋಡೇನಿ, ಆಕಿ ಹೇಳೂದು ಖರೆ.

ಮೊದಲ ಕಟಗಿ ಚಿಂತಿ ಇರಲಿಲ್ಲ. ಚಾಳಿನ ಹಿಂದ ಗುಡ್ಡದಾಗ ಒಣಾ ಟೊಂಗಿ ಬೇಕಾದಷ್ಟು ಬಿದ್ದಿರತಿದ್ವು. ಆಮ್ಯಾಲ ಗುಡ್ಡಕ್ಕ ಗ್ವಾಡಿ ಕಟ್ಟಿದ್ರು, ಆ ಕಡೆ ಹೋಗೂದು ಬಂದ್ ಆತು. ಆವತ್ತಿಂದ ಆಕಿ ಸ್ಟೇಷನ್ ಹಾದ್ಯಾಗಿನ ಕಟಗಿ ವಖಾರಿಂದ ಹೊರಿ ಕಟಗಿ ತಲಿಮ್ಯಾಲ ಹೊತ್ತು ತರಾಕ ಹತ್ತಿದ್ಳು. ಎರಡು ದಿನಕ್ಕೊಂದು ಹೊರಿ, ಅದೂ ಏರು ಹತ್ತಿ. ನಾನು ತರತೀನಿ ಅಂದ್ರ, "ನಿಮಗ ಹೊರಿ ಹೊರಾಕ ಬರೂದಿಲ್ಲ. ಕುತ್ತಿಗಿ ಸೆಟಗೊಂಡು ಬಾತುಕೋಳಿ ಹಂಗ ನಡೀತೀರಿ, ನೋಡಿದವರು ನಗತಾರ" ಅಂತಿದ್ಳು. ನಾನೂ ಒಂದೆರಡು ಸಲ ಕೇಳಿ ಬಿಟ್ಟುಬಿಟ್ಟೆ. ಬಿಟ್ಟಿದ್ದು ನನಗ ಸರಳ ಆಗಿತ್ತು, ಅದನ್ನ ಈಗ ಒಪ್ಪತೀನಿ.

ಬೆರಳು ಸುಟ್ಟ ಸುದ್ದಿ ಕೇಳಿ ಮಗಳು ತನ್ನ ಆಫೀಸಿಗೆ ರಜಾ ಹಾಕಿ ಸಯನ್ ಕಡೆ ದೊಡ್ಡ ದವಾಖಾನಿಗೆ ಕರಕೊಂಡು ಹ್ವಾದ್ಳು. ನಾನೂ ಹ್ವಾದೆ. ಡಾಕ್ಟರು ಹೆಣಮಗಳು, ಸಣ್ಣ ವಯಸ್ಸಿನಾಕಿ. ಹೆಂಡ್ತಿಗೆ ಕಣ್ಣ ಮುಚ್ಚು ಅಂದ್ರು. ಹತ್ತಿ ತುಣುಕು ತಗೊಂಡು ಒಂದೊಂದ ಬೆರಳಿಗೆ ಸವರಿ, ಯಾವ ಬೆರಳು ಹೇಳು ಅಂತ ಕೇಳಿದ್ರು. ಆಕಿ ಹೆಬ್ಬೆರಳು ಅಂದ್ಳು, ತೋರಬೆರಳು ಅಂದ್ಳು, ನಡುಬೆರಳು ಅಂದ್ಳು. ಆಮ್ಯಾಲ ಸುಮ್ಮನ ಕುಂತ್ಳು. ಡಾಕ್ಟರು ಉಂಗುರಬೆರಳಿಗೆ ಸವರಿದ್ರು, ಕಿರಿಬೆರಳಿಗೆ ಸವರಿದ್ರು. ಆಕಿ ಕಣ್ಣ ಮುಚ್ಚಿಕೊಂಡ ಕಾಯಾಕತ್ತಿದ್ಳು. ಕಡೀಕ, "ಮುಟ್ಟಾಕ ಹೇಳು ಅವರಿಗೆ, ಎಷ್ಟೊತ್ತು ಹಿಂಗ ಕುಂದರೂದು" ಅಂತ ಮಗಳಿಗೆ ಅಂದ್ಳು.

ಮಗಳು ನನ್ನ ಮಾರಿ ನೋಡಿದ್ಳು. ನಾನು ನೆಲಾ ನೋಡಿದೆ.

ಕುತ್ತಿಗ್ಯಾಗ ನರಾ ಒತ್ತೇತಿ ಅಂತ ಆತು. ಇನ್ನ ತಲಿಮ್ಯಾಲ ಏನೂ ಹೊರಬಾರದು, ಒಂದು ಕೊಡಾ ನೀರು ಸುದ್ದಾ ಬ್ಯಾಡ. ಹೊತ್ತರ ಉಳಿದ ಬೆರಳೂ ಹಿಂಗ ಆಗತಾವ, ಅಂಗೈ ಶಕ್ತಿ ಹೋಗತೈತಿ. ಹೊರೂದು ಬಿಟ್ಟು, ಹೇಳಿದ ವ್ಯಾಯಾಮ ಮಾಡಿ, ಆರು ತಿಂಗಳು ನೋಡೂಣು, ತಿರಗಿ ಬಂದ್ರೂ ಬರಬಹುದು ಅಂದ್ರು.

ಲೋಕಲ್‌ದಾಗ ಬರುವಾಗ ಮಗಳು ಅರ್ಧ ಕನ್ನಡ ಅರ್ಧ ಹಿಂದಿದಾಗ ಒಂದ ಸವನ ಬಡಕೊಂಡ್ಳು. "ಅವ್ವಾ, ಬಸ್, ಆಗಿ ಹೋತು. ರೊಟ್ಟಿ ಬಂದ್ ಕರೋ. ನಾನು ಅದೀನಿ ನಾ."

"ಅಂಗೈ ಶಕ್ತಿ ಹೋದಮ್ಯಾಲ ಬಂದ್ ಮಾಡಿದ್ರ ಆತಲ್ಲ" ಅಂದ್ಳು ನನ್ನ ಹೆಂಡ್ತಿ, ಕಿಡಕಿ ಹೊರಗ ನೋಡಕೋತ.

ಎರಡ ದಿನಕ್ಕ ನಾನು ಡ್ಯೂಟಿಗೆ ಹೊಂಟಾಗ ಏರಿನ ಕೆಳಗ ಆಕಿ ಎದುರಿಗೆ ಬಂದ್ಳು. ತಲಿಮ್ಯಾಲ ಸಿಂಬಿ, ಸಿಂಬಿ ಮ್ಯಾಲ ಹೊರಿ. ಹಳೆ ಸೀರಿ ಹೊಸೆದು ಸುತ್ತಿ ಮಾಡಿದ ಆ ಸಿಂಬಿ ಆಕಿ ತವರಿಂದ ತಂದ ಹಸರ ಸೀರೀದು. ನನ್ನ ನೋಡಿ ನಿಂದರಲಿಲ್ಲ. "ಸಣ್ಣ ಹೊರಿ ಐತ್ರಿ" ಅಂದು ಹತ್ತಿ ಹ್ವಾದ್ಳು. ನಡುರಸ್ತಾದಾಗ ಜಗಳ ಏನ ಮಾಡೂದು ಅಂತ ನಾನೂ ಹ್ವಾದೆ. ಆದ್ರ ಆವತ್ತ ಪೂರಾ ಪಾಳಿ ಗೇಟಿನ ಮುಂದ ಕುಂತು ಅದ ವಿಚಾರ. ರೊಟ್ಟಿ ಬಿಡು ಅಂತ ನಾನು ಹೇಳಾಕ ಆಗೂದಿಲ್ಲ. ಆಕಿಗೆ ರೊಟ್ಟಿ ಬಿಟ್ಟರ ಬ್ಯಾರೆ ಏನು ಐತಿ ಅಂತಲ್ಲ, ಆಕಿ ಮಾಡೂ ಕೆಲಸದಾಗ ಆಕಿನ ಮೀರಸೋರು ಇಲ್ಲ, ಅಂಥಾ ಕೆಲಸ ನನ್ನ ಕೈಯಾಗ ಒಂದೂ ಇಲ್ಲ. ಅದನ್ನ ಬಿಡು ಅಂತ ಯಾವ ಬಾಯಿಲೆ ಹೇಳಲಿ? ಕಟಗಿ ಮನಿ ಬಾಗಲಿಗೆ ಬರಬೇಕು, ತಲಿಮ್ಯಾಲ ಬರಬಾರದು. ಅಷ್ಟ.

ದೇವರು ಕಣ್ಣ ತಗದಂಗ, ಅದ ವಾರ ಸೊಸೈಟಿದಾಗ ಗಿಡಾ ಕಡಸಾಕ ಹತ್ತಿದ್ರು. ವರ್ಷಾ ಮಳಿಗಾಲಕ್ಕ ಮೊದಲ ಪರವಾನಗಿ ತಗೊಂಡು ಟೊಂಗಿ ಕಡಸತಾರ, ಗಾಳಿಗೆ ಗಾಡಿಗಳ ಮ್ಯಾಲ ಬೀಳಬಾರದಂತ. ಈ ಸಲ ಒಂದು ಗುಲ್‌ಮೊಹರ್ ಪೂರಾ ಒಣಗಿ ನಿಂತಿತ್ತು, ಅದನ್ನ ಬುಡಮಟ ಕಡದ್ರು. ಒಂದು ಸುಬಾಭುಳಿ, ಒಂದು ಮಾವಿನ ಟೊಂಗಿ, ಎಲ್ಲಾ ಹಿಂದಿನ ಪಾರ್ಕಿಂಗಿನಾಗ ರಾಶಿ ಬಿದ್ದಿತ್ತು. ಆ ರಾಶಿ ನೋಡಿದಾಗ ನಾನು ಕಸಾ ನೋಡಲಿಲ್ಲ, ಮಳಿಗಾಲ ಪೂರಾ ರೊಟ್ಟಿ ನೋಡಿದೆ.

ಸೆಕ್ರೆಟರಿ ಮೇಡಂ ಅವರನ್ನ ಕೇಳಿದೆ. ಅವರು ಕನ್ನಡಕದ ಮ್ಯಾಲಿಂದ ನೋಡಿ, "ಬರೂ ಸೋಮವಾರ ಮುಂಜಾನೆ ಮಹಾಪಾಲಿಕೆ ಗಾಡಿ ಬರತದ. ಅದಕ್ಕ ಮೊದಲ ಎಷ್ಟು ಬೇಕೋ ಒಯ್ಯಿರಿ. ಆದ್ರ ಟೆಂಪೋ ಒಳಗ ತರಬ್ಯಾಡ್ರಿ, ಪೇವರ್ ಕಲ್ಲು ಹೊಸಾದು ಹಾಕೇವಿ" ಅಂದ್ರು ಅವರ ಹಿಂದಿದಾಗ.

ಆವತ್ತು ಸೋಮವಾರ. ನನ್ನ ಕೈಯಾಗ ಏಳು ದಿನ.

ದಿನಾ ಮುಂಜಾನೆ ಆರಕ್ಕ ಹೋಗಿ ಕಡಿಯಾಕ ನಿಂತೆ. ಕೊಡ್ಲಿ ನಂದ, ಊರಿಂದ ತಂದದ್ದು, ಹಿಡಿಕಿ ಮಾತ್ರ ಇಲ್ಲಿದು. ಗರಗಸ ಸೊಸೈಟಿ ತ್ವಾಟಾ ನೋಡೂ ಮಾಳಿ ಕಡೆಯಿಂದ ಇಸಗೊಂಡೆ. ಕಟಗಿ ಕಡಿಯೂದು ಮರತಿದ್ದೆ ಅಂದುಕೊಂಡಿದ್ದೆ. ಮೊದಲ ದಿನ ಬೊಕ್ಕಿ ಬಂದು ಎರಡೂ ಅಂಗೈ ಒಡದ್ವು. ಎರಡನೇ ದಿನಕ್ಕ ಕೈಗೆ ನೆನಪಾತು. ತುಂಡಿನ ತಲಿ ಮ್ಯಾಲ ಸಣ್ಣ ಸಣ್ಣ ಬಿರುಕು ಇರತಾವ, ಅವು ಎತ್ತ ಕಡೆ ಓಡ್ಯಾವು ಅಂತ ನೋಡಿ ಅದ ಗೆರಿ ಮ್ಯಾಲ ಹಾಕಿದ್ರ ಒಂದ ಏಟಿಗೆ ಬಾಯಿ ಬಿಡತೈತಿ. ಗಂಟಿನ ಮ್ಯಾಲ ಹಾಕಿದ್ರ ಕೊಡ್ಲಿ ಕಚ್ಚಿಕೊಂಡು ಕುಂದರತೈತಿ, ಬಿಡಸಾಕ ಅರ್ಧ ತಾಸು. ನಾನು ಅಕ್ಷರ ಕಲಿತಿದ್ದು ಭಾಳ ತಡಾ. ಊರಾಗ ಎರಡನೇತ್ತಕ್ಕ ಶಾಲಿ ಬಿಟ್ಟೆ, ಮೂವತ್ತು ದಾಟಿದ ಮ್ಯಾಲ ಇಲ್ಲೆ ರಾತ್ರಿ ಶಾಲಿಗೆ ಹೋಗಿ ಹತ್ತನೇತ್ತ ಮುಗಿಸಿದೆ. ಆದ್ರ ಕಟಗಿ ಮ್ಯಾಲಿನ ಗೆರಿ ಓದಾಕ ಸಣ್ಣಂದಿನಿಂದ ಬರತಿತ್ತು. ಅದೂ ಒಂದು ಓದ ಅಂತ ಆಗ ಯಾರೂ ಹೇಳಿರಲಿಲ್ಲ.

ಸುಬಾಭುಳಿ ಚೊಲೊ ಕಟಗಿ, ಉರಿ ನಿಂದರತೈತಿ. ಗುಲ್‌ಮೊಹರ್ ಒಣಗಿದ್ದು ಬುರುಬುರು ಉರದು ಬೂದಿ ಆಗತೈತಿ, ಒಲಿ ಹೊತ್ತಸಾಕ ಅಡ್ಡಿಯಿಲ್ಲ. ಮಾವು ಹಸಿ ಇತ್ತು, ಒಣಗಬೇಕು. ರಾಶಿ ತಳದಾಗ ಅತ್ತಿ ಗಿಡದ್ದು ಎರಡು ಟೊಂಗಿ ಇದ್ವು. ಫೋನ್ ಮಾಡಿ ಹೆಂಡ್ತಿಗೆ ಕೇಳಿದೆ. "ಅತ್ತಿ ಕಟಗಿ ನನ್ನ ಒಲಿಗೆ ಬ್ಯಾಡ್ರಿ, ದತ್ತಪ್ಪ ದೇವರ ಗಿಡಾ ಅದು. ಬಾಜೂಕ ಇಡ್ರಿ" ಅಂದ್ಳು. ಬಾಜೂಕ ಇಟ್ಟೆ.

ಕಡದದ್ದು ಒಯ್ಯೂದು ಹ್ಯಾಂಗ? ಸೊಸೈಟಿಯಿಂದ ನಮ್ಮ ಚಾಳಿಗೆ ಎರಡು ಕಿಲೋಮೀಟರ್ ಹತ್ತರ. ಮೊದಲ ಅರ್ಧ ಸಪಾಟ, ಆಮ್ಯಾಲ ಏರು. ಕೈಗಾಡಿ ಬಾಡಿಗಿಗೆ ಸಿಗತೈತಿ, ಆದ್ರ ಅದನ್ನ ಏರಿಗೆ ದಬ್ಬಾಕ ಇಬ್ಬರು ಗಟ್ಟಿ ಮಂದಿ ಬೇಕು. ಟೆಂಪೋಕ್ಕ ಮೇಡಂ ಬ್ಯಾಡ ಅಂದಾರ, ನಮ್ಮ ಚಾಳಿನ ಗಲ್ಲಿಗೂ ಅದು ಬರೂದಿಲ್ಲ. ಮತ್ತ ಇದು ಒಂದ ಸಲದ ಮಾತಲ್ಲ. ಮುಂದೂ ವಖಾರಿಂದ ತರಬೇಕಲ್ಲ. ಅಷ್ಟರಾಗ ಮಾರ್ಕೆಟ್ಟಿನಾಗ ಕುಡಿಯೂ ನೀರಿನ ಬಾಟ್ಲಿ ಹಂಚೂ ಒಬ್ಬನ್ನ ನೋಡಿದೆ. ಸೈಕಲ್ಲಿನ ಹಿಂದ ಎರಡ ಗಾಲಿ ಟ್ರಾಲಿ ಜೋಡಿಸಿಕೊಂಡು ಹೊಂಟಿದ್ದ. ನನ್ನ ಸೈಕಲ್ಲೂ ಐತಿ. ಅಂಥಾದ್ದೊಂದು ಆಗಬೇಕು ಅಂತ ಅಲ್ಲೆ ನಿಂತು ಠರಾವ ಮಾಡಿದೆ.

ರಾತ್ರಿ ಶಾಲ್ಯಾಗ ನಮಗ ಪ್ರಮಾಣ ಹಾಕಿ ಚಿತ್ರಾ ತಗಿಯೂದು ಕಲಿಸಿದ್ರು. ಚೌಕಳಿ ವಹಿ ತಗೊಂಡು ಕುಂತೆ. ಒಂದು ಚೌಕಳಿ ಅಂದ್ರ ಒಂದು ಗೇಣು. ನನಗ ಗೊತ್ತಿದ್ದ ಗಾಡಿ ಅಂದ್ರ ನಮ್ಮಪ್ಪನ ಚಕ್ಕಡಿ. ಅಪ್ಪ ಊರಾಗ ಬಾಡಿಗಿ ಚಕ್ಕಡಿ ಹೊಡೀತಿದ್ದ, ಸ್ಟೇಷನ್‌ನಿಂದ ಪ್ಯಾಟಿಗೆ ಮಾಲು. ಅದರ ಅಳತಿ ನನಗ ಕಣ್ಣ ಮುಚ್ಚಿದ್ರೂ ಗೊತ್ತು. ಅಚ್ಚು ನಟ್ಟನಡುವ ಇರಲಿಲ್ಲ, ನಡುವಿಗಿಂತ ನಾಕು ಬೆರಳು ಮುಂದ ಇತ್ತು. ಎತ್ತಿನ ಕುತ್ತಿಗಿ ಮ್ಯಾಲ ಭಾರ ಬೀಳಬಾರದು ಅಂತ ಹಂಗ ಮಾಡಿಸೇನಿ ಅಂತ ಅಪ್ಪ ಎಲ್ಲಾರಿಗೂ ಹೇಳತಿದ್ದ. ಆ ಮಾತು ನನ್ನ ತಲ್ಯಾಗ ಕುಂತಿತ್ತು. ಕುತ್ತಿಗಿ ಮ್ಯಾಲ ಭಾರ ಬೀಳಬಾರದು. ನನಗ ಬೇಕಾಗಿದ್ದೂ ಅದ ಅಲ್ಲ? ಚಕ್ಕಡಿನ ಅರ್ಧಕ್ಕ ಇಳಿಸಿ, ಅಚ್ಚು ಎರಡು ಬೆರಳು ಮುಂದ ಇಟ್ಟು ಚಿತ್ರಾ ತಗದೆ. ಹೆಂಡ್ತಿಗೆ ತೋರಿಸಿದೆ.

"ಚೊಲೊ ತಗದೀರಿ. ಎತ್ತ ಎಲ್ಲಿ?" ಅಂದ್ಳು.

"ಎತ್ತ ನಾನ."

"ಅದು ನನಗ ಗೊತ್ತಿತ್ತು" ಅಂದು ನಕ್ಳು. ದವಾಖಾನಿಗೆ ಹೋಗಿ ಬಂದ ಮ್ಯಾಲ ಆಕಿ ನಕ್ಕಿದ್ದು ಅದ ಮೊದಲ ಸಲ.

ಕೆಳಗ ರಸ್ತಾದ ಬಾಜೂಕ ಒಬ್ಬ ವೆಲ್ಡಿಂಗ್ ಮಿಸ್ತ್ರಿ ಅದಾನ, ಉತ್ತರದ ಕಡೆಯಂವ, ನನ್ನ ವಯಸ್ಸಿನವ. ಗ್ರಿಲ್, ಬಾಗಲಾ ಮಾಡತಾನ. ಅವಂಗ ವಹಿ ತೋರಿಸಿದೆ. ಅವನೂ ಮೊದಲ ಕೇಳಿದ್ದು, "ಕಾಕಾ, ಬೈಲ್ ಕಿಧರ್ ಹೈ?" ಎತ್ತ ಎಲ್ಲಿ ಅಂತ. ಅವನ ಕಡೆ ಹಳೆ ಸ್ಕೂಟರಿನ ಎರಡು ಗಾಲಿ ಇದ್ವು. ಆ್ಯಂಗಲಿನ ಚೌಕಟ್ಟು, ತಳಕ್ಕ ಜಾಳಗಿ, ನಾಕೂ ಕಡೆ ಗೇಣೆತ್ತರ ಸರಳು, ಮುಂದ ಒಂದು ಉದ್ದನ ಪೈಪು ಬಾಗಿ ಸೈಕಲ್ ಸೀಟಿನ ಕೆಳಗ ಬೋಲ್ಟಿಗೆ ಕೂಡಬೇಕು. ಎಲ್ಲಾ ಒಪ್ಪಿದ. ಅಚ್ಚಿನ ಕಡೆ ಬಂದಾಗ ಮಾತ್ರ ಚಾಕ್‌ಪೀಸ್ ಹಿಡಕೊಂಡು ತಲಿ ಅಲ್ಲಾಡಿಸಿದ. ನೀರಿನವರ ಟ್ರಾಲಿದು ಅಚ್ಚು ಹಿಂದಕ್ಕ ಇರತೈತಿ, ಇದನ್ನೂ ಹಿಂದಕ್ಕ ಹಾಕೂಣು ಅಂದ.

"ನಮ್ಮಪ್ಪ ನಲವತ್ತು ವರ್ಷ ಗಾಡಿ ಹೊಡದಾನ" ಅಂದೆ.

"ಅಪ್ಪನ ಮುಂದ ನಾನು ಯಾರು" ಅಂದು ಅವನು ನಾನು ಹೇಳಿದ ಕಡೇನ ಗುರುತು ಹಾಕಿದ.

ಶುಕ್ರವಾರ ಮುಂಜಾನೆ ಟ್ರಾಲಿ ತಯಾರು. ಕೆಂಪು ಪ್ರೈಮರ್ ಹಚ್ಚಿತ್ತು, ಕೈಗೆ ಹತ್ತತಿತ್ತು. ಸೊಸೈಟಿಗೆ ಒಯ್ದು ಸುಬಾಭುಳಿ ತುಂಡು ಸಮನಾಗಿ ಹಾಸಿ ಪೇರಿಸಿ ಹಗ್ಗ ಬಿಗದೆ. ಹೆಂಡ್ತಿ ಬಂದಿದ್ಳು. ಆಕಿಗೆ ಒಂದ ಕೆಲಸ ಕೊಟ್ಟಿದ್ದೆ: ಏರಿನಾಗ ನಾನು ದಮ್ಮ ತಗೊಳಾಕ ನಿಂತಾಗ ಗಾಲಿ ಹಿಂದ ಕಲ್ಲು ಇಡೂದು. ದಬ್ಬಬಾರದು, ಎತ್ತಬಾರದು, ಹೊರಬಾರದು. ಕೈಯಾಗ ಒಂದು ಕಲ್ಲು ಹಿಡಕೊಂಡು ಬಾಜೂಕ ನಡೀಬೇಕು.

ಸಪಾಟ ರಸ್ತಾದಾಗ ಅದು ಹ್ಯಾಂಗ ಬಂತು ಅಂತೀರಿ! ನಾನು ಸೈಕಲ್ ಹತ್ತಲಿಲ್ಲ, ಹ್ಯಾಂಡಲ್ ಹಿಡಕೊಂಡು ನಡದೆ. ಹಿಂದ ಇಷ್ಟು ಕಟಗಿ ಐತಿ ಅಂತ ಸೈಕಲ್ಲಿಗೆ ಗೊತ್ತ ಇಲ್ಲ. ಹೂವಿನ ಬುಟ್ಟಿ ಎಳದಂಗ. "ನೋಡು, ಭಾರನ ಇಲ್ಲ!" ಅಂದೆ. ರಿಕ್ಷಾದವರು ಬಾಜೂಕ ಹಾಯಿಸಿಕೊಂಡು ನೋಡತಿದ್ರು. ಆಕಿ ಕಲ್ಲು ಹಿಡಕೊಂಡು, ತಲಿಮ್ಯಾಲ ಸೆರಗ ಅಷ್ಟ ಹೊತಗೊಂಡು, ಸಂತೀಗೆ ಹೊಂಟವರಂಗ ನಡಿಯಾಕತ್ತಿದ್ಳು. ನನಗ ಭಾಳ ದೊಡ್ಡ ಕೆಲಸ ಮಾಡೇನಿ ಅನಿಸಿತು.

ಏರು ಸುರು ಆಗಿ ಇಪ್ಪತ್ತು ಹೆಜ್ಜಿ ಹೋಗಿಲ್ಲ, ಸೈಕಲ್ಲಿನ ಹಿಂದಿನ ಗಾಲಿ ನೆಲಾ ಬಿಟ್ಟು ಎದ್ದಿತು. ಏನಾತು ಅಂತ ನನಗ ತಿಳೀಲಿಲ್ಲ. ಸೀಟು ನನ್ನ ಎದಿ ತನಕ ಬಂತು. ಟ್ರಾಲಿ ಹಿಂದಕ್ಕ ಕುಂತು ಮೂತಿ ಮ್ಯಾಲ ಮಾಡಿತು. ಹಗ್ಗ ಸಡ್ಲಾಗಿ ಕಟಗಿ ಎಲ್ಲಾ ಹಿಂದಕ್ಕ ಜಾರಾಕ ಹತ್ತಿತು. ನಾನು ಸೀಟಿನ ಮ್ಯಾಲ ಜೋತು ಬಿದ್ದೆ, ಆದ್ರೂ ಇಳೀಲಿಲ್ಲ.

ಹಿಂದ ಆಕಿ ಕಲ್ಲು ಒಗದಿದ್ಳು. ಎರಡೂ ಕೈ ಮ್ಯಾಲ ಮಾಡಿ ಟ್ರಾಲಿ ಹಿಂದಿನ ಸರಳಿಗೆ ಭುಜಾ ಕೊಟ್ಟು ನಿಂತಿದ್ಳು. ತಲಿ ಒಂದು ಬಾಜೂಕ ವಾಲಿತ್ತು. ಪೂರಾ ಕಟಗಿ, ಪೂರಾ ಕಬ್ಬಿಣ, ನಾನು ಯಾವ ಕುತ್ತಿಗಿ ಉಳಸಾಕ ಇಷ್ಟೆಲ್ಲಾ ಮಾಡಿದ್ದೆನೋ ಆ ಕುತ್ತಿಗಿ ಮ್ಯಾಲ.

"ಬಿಡು! ಬಾಜೂಕ ಸರಿ! ಬೀಳಲಿ ಅದು!" ಅಂತ ಚೀರಿದೆ.

"ಕಟಗಿ ಗಟಾರದಾಗ ಹೋಗತಾವ್ರಿ!"

"ಹೋಗಲಿ! ನೀ ಸರೀ!"

ಆಕಿ ಬಾಜೂಕ ಹಾರಿದ್ಳು. ಟ್ರಾಲಿ ಹಿಂದಿನ ಅಂಚು ಧಡಲ್ ಅಂತ ರಸ್ತಾಕ್ಕ ಬಿತ್ತು. ಅರ್ಧ ಕಟಗಿ ಉರುಳಿ ಗಟಾರಕ್ಕ ಹ್ವಾದ್ವು, ಒಂದು ತುಂಡು ಕೆಳಗ ತನಕ ಕುಣಕೋತ ಹೋಗಿ ಪಾನಪಟ್ಟಿ ಅಂಗಡಿ ಮುಂದ ನಿಂತಿತು. ನಾನು ಓಡಿ ಹೋಗಿ ಆಕಿ ಕೈ ಹಿಡದೆ. ಒಂದೊಂದ ಬೆರಳು ಹಿಚುಕಿ ಕೇಳಿದೆ, "ಇದು? ಇದು ಗೊತ್ತ ಆಗತೈತಿ? ಇದು?"

"ರಸ್ತಾದಾಗ ಏನ್ರಿ ಇದು, ಮಂದಿ ನೋಡತಾರ" ಅಂತ ಕೈ ಜಗ್ಗಿಕೊಂಡ್ಳು. ಆದ್ರ ಮಾರಿ ಬೆಳ್ಳಗಾಗಿತ್ತು.

ರಸ್ತಾದ ದಂಡಿಗೆ ಕುಂತ್ವಿ. ಪಾನಪಟ್ಟಿಯವರು ನೀರು ಕೊಟ್ರು. ಆಕಿ ಭುಜಾ ತಿಕ್ಕಿಕೋತ ಟ್ರಾಲಿ ಕಡೆ ನೋಡಾಕತ್ತಿದ್ಳು. ಆಮ್ಯಾಲ ನನ್ನ ಕಡೆ ಹೊಳ್ಳಿ ಅಂದ್ಳು:

"ಮಾವಾರು ಗಾಡಿ ಮ್ಯಾಲ ಎಲ್ಲಿ ಕುಂದರತಿದ್ರು?"

"ಎಲ್ಲಿ ಅಂದ್ರ? ಮುಂದ. ಗಾಡಿ ಹೊಡಿಯವರು ಮತ್ತೆಲ್ಲಿ ಕುಂದರತಾರ."

"ಮದಿವ್ಯಾದ ವರ್ಷ ಅವರ ಗಾಡ್ಯಾಗ ಬಂದಿದ್ದೆ ನಾನು. ಏರು ಬಂದ ಕೂಡಲೆ, 'ಯವ್ವಾ, ಮುಂದ ಸರದು ಕುಂದ್ರು' ಅಂತಿದ್ರು. ಇಳಿಕಲಿಗೆ, 'ಹಿಂದ ಹೋಗು' ಅಂತಿದ್ರು. ನನಗ ಸಿಟ್ಟ ಬರತಿತ್ತು, ಹೊಸಾ ಸೊಸಿನ ಜ್ವಾಳದ ಚೀಲದಂಗ ಅತ್ತಾಗ ಇತ್ತಾಗ ಸರಸತಾರಲ್ಲ ಅಂತ." ಟ್ರಾಲಿ ಕಡೆ ಕೈ ಮಾಡಿ, "ನಿಮ್ಮ ಈ ಗಾಡಿ ಮುಂದ ಯಾರು ಕುಂತಾರ್ರಿ?" ಅಂದ್ಳು.

ಯಾರೂ ಕುಂತಿಲ್ಲ. ಕುಂದರಬೇಕಾದವರು ಸೈಕಲ್ಲಿನ ಬಾಜೂಕ ನಡಿಯಾಕತ್ತಾರ.

ಅಪ್ಪ ಚಕ್ಕಡಿ ಅಚ್ಚು ನಾಕು ಬೆರಳು ಮುಂದ ಇಟ್ಟಿದ್ದು ಯಾಕ? ಮುಂದ ತಾನು ಕುಂದರತೀನಿ ಅಂತ. ತನ್ನ ಮೈಭಾರ ಹಿಡದ ಆ ಅಳತಿ ಮಾಡಿಸಿದ್ದ. ಸಣ್ಣಾಂವ ಇದ್ದಾಗ ನಾನೂ ಆ ಗಾಡ್ಯಾಗ ಮುಂದ ಹಿಂದ ಸರದೇನಿ, ಏರಿಗೆ ಗಾಡಿ ಮುಂದಿನ ಮೂಕಿ ಮ್ಯಾಲ ಅಪ್ಪ ಜಿಗದು ಕುಂತದ್ದು ಎಷ್ಟು ಸಲ ನೋಡೇನಿ. ಆದ್ರ ವಹಿ ಹಿಡಕೊಂಡು ಕುಂತಾಗ ಗಾಲಿ ನೆನಪಾದ್ವು, ಅಚ್ಚು ನೆನಪಾತು, ಬೆರಳಿನ ಲೆಕ್ಕ ಸುದ್ದಾ ನೆನಪಾತು. ಚಿತ್ರದಾಗ ಚಕ್ಕಡಿ ಇತ್ತು, ಅಪ್ಪ ಇರಲಿಲ್ಲ. ಸಪಾಟ ರಸ್ತಾದಾಗ ನಾನು "ಭಾರನ ಇಲ್ಲ" ಅಂತ ಕುಣದೆನಲ್ಲ, ತಪ್ಪು ಇದ್ದದ್ದು ಅಲ್ಲೆ. ಸೈಕಲ್ ಮ್ಯಾಲ ಸ್ವಲ್ಪ ಭಾರ ಬೀಳಬೇಕು. ಬೀಳದ ಇದ್ರ ಅದು ಹಿಂದ ನಿಂತವರ ಮ್ಯಾಲ ಹೋಗಿ ಬೀಳತೈತಿ.

ಇದನ್ನ ಬರಿಯುವಾಗ ಒಂದು ಮಾತು ಬಿಟ್ಟರ ಅಲ್ಲೇ ತಪ್ಪತೀನಿ. ಇಷ್ಟು ವರ್ಷ ನನ್ನ ಸಂಸಾರ ನನಗ ಹಗುರ ಅನಿಸಿತ್ತು. ನಮ್ಮ ಮನ್ಯಾಗ ಏನೂ ತ್ರಾಸ ಇಲ್ಲ ಅಂತ ಊರಿಗೆ ಹೋದಾಗೆಲ್ಲಾ ಹೇಳತಿದ್ದೆ. ಹಗುರ ಯಾಕ ಇತ್ತು ಅಂತ ಆ ರಸ್ತಾದ ದಂಡಿಗೆ ಕುಂತಾಗ ತಿಳೀತು. ಆಕಿಗೆ ಹೇಳಲಿಲ್ಲ. ಹೇಳಿದ್ರ, "ಈಗ ಕಟಗಿ ಆರಸ್ರಿ ಮೊದಲ" ಅಂತಿದ್ಳು.

ಕಟಗಿ ಆರಿಸಿ ಪಾನಪಟ್ಟಿ ಅಂಗಡಿ ಬಾಜೂಕ ಒಟ್ಟಿದೆ. ಆಕಿನ ರಿಕ್ಷಾದಾಗ ಮನಿಗೆ ಕಳಿಸಿ, ಖಾಲಿ ಟ್ರಾಲಿ ಹೊಳ್ಳಿಸಿಕೊಂಡು ಮಿಸ್ತ್ರಿ ಕಡೆ ಹ್ವಾದೆ. ನಗತಾನ, ನಾಕು ಮಾತು ಅಂತಾನ ಅಂತ ತಯಾರಾಗಿ ಹೋಗಿದ್ದೆ. ಅವನು ಬಾಗಿದ ಸರಳು ನೋಡಿದ, ನನ್ನ ಮಾರಿ ನೋಡಿದ. "ಭಾಬಿಗೆ ಪೆಟ್ಟಾತೇನು?" ಅಂತ ಅಷ್ಟ ಕೇಳಿದ. ಇಲ್ಲ ಅಂದೆ. ಚಾಕ್‌ಪೀಸ್ ನನ್ನ ಕೈಯಾಗ ಕೊಟ್ಟು, "ಈಗ ನೀವ ಗುರುತು ಹಾಕ್ರಿ" ಅಂದ.

ಹ್ಯಾಂಗ ಹಾಕೂದು? ಲೆಕ್ಕಾ ಮಾಡಾಕ ನನಗ ಬರೂದಿಲ್ಲ ಅಂತಲ್ಲ, ಆದ್ರ ಒಂದ ಸಲ ವಹಿ ನಂಬಿ ಕೆಟ್ಟಿದ್ದೆ. ಅವನ ಅಂಗಡಿ ಕಬ್ಬಿಣದ ತುಂಡು ಟ್ರಾಲಿದಾಗ ತುಂಬಿದ್ವಿ, ಚೌಕಟ್ಟಿನ ಕೆಳಗ ಒಂದು ಪೈಪು ಅಡ್ಡ ಇಟ್ಟು ಅದರ ಮ್ಯಾಲ ತೂಗಾಡಿಸಿದ್ವಿ. ಪೈಪು ಹಿಂದ ಹಿಂದ ಸರಸಕೋತ ಹೋಗಿ, ಮೂತಿ ನೆಲಕ್ಕ ಇಳಿದು, ಒಂದ ಕೈಲೆ ಎತ್ತಿದ್ರ ತುಂಬಿದ ಕೊಡದಷ್ಟು ಭಾರ ಹತ್ತಿದ ಕಡೆ ನಿಂತ್ವಿ. ಮುಂದಿದ್ದ ಅಚ್ಚು ಕತ್ತರಿಸಿ ಒಂದು ಗೇಣು ಹಿಂದಕ್ಕ ಬೆಸುಗಿ ಹಾಕಿದ. ಆಮ್ಯಾಲ ಅವನ ಅಂಗಡಿ ಮುಂದಿನ ಸಣ್ಣ ಇಳಿಜಾರಿನಾಗ ಹತ್ತಿಸಿ ಇಳಿಸಿ ನೋಡಿದ್ವಿ. ಸೈಕಲ್ ಏಳಲಿಲ್ಲ. ಇಷ್ಟೆಲ್ಲಾ ಮುಗಿಯೂದ್ರಾಗ ಶನಿವಾರ ಮಧ್ಯಾಹ್ನ ಆತು.

ರವಿವಾರ ರಜಾ ಹಾಕಿದೆ. ಮುಂಜಾನೆ ಆರರಿಂದ ಸಂಜಿ ತನಕ ಹೋಗಿ ಬಂದು ಏಳು ಖೇಪು ಮಾಡಿದೆ. ದೊಡ್ಡ ತುಂಡು ಮುಂದ, ಚಿಲ್ಲರ ಹಿಂದ. ಸಪಾಟ ರಸ್ತಾದಾಗ ಈ ಸಲ ಭಾರ ಗೊತ್ತಾತು, ಹ್ಯಾಂಡಲ್ ಹಿಡದ ರಟ್ಟಿ ನೊಂದ್ವು. ಏರಿನಾಗ ಹತ್ತು ಹೆಜ್ಜಿಗೊಮ್ಮೆ ನಿಂತೆ. ಆಕಿನ ಮನ್ಯಾಗ ಕುಂದ್ರು ಅಂದಿದ್ದೆ, ಕೇಳಲಿಲ್ಲ. ನಾನು ಒಂದ ಮಾತಿಗೆ ಒಪ್ಪಿದೆ: ಹಿಂದ ನಿಂದರಬಾರದು, ನನ್ನ ಬಾಜೂಕ ನಡೀಬೇಕು. ಗಾಲಿ ಕಲ್ಲಿಗೆ ಹಗ್ಗ ಕಟ್ಟಿ ಟ್ರಾಲಿಗೆ ಜೋತು ಬಿಟ್ಟೆ, ಅದ ಹಿಂದ ಎಳಕೋತ ಬರತಿತ್ತು, ನಿಂತಲ್ಲಿ ತಾನ ಗಾಲಿಗೆ ತಡೀತಿತ್ತು. ಅದು ಆಕಿದ ಯುಕ್ತಿ.

ಎರಡನೇ ಖೇಪಿನಾಗ ಸೀಟಿನ ಕೆಳಗ ಪೈಪು ಪೈಪಿಗೆ ತಿಕ್ಕಿ ಕಿರ್ರ್ ಕಿರ್ರ್ ಅಂತ ಸಪ್ಪಳ. ಇಡೀ ಗಲ್ಲಿ ಮಂದಿ ಬಾಗಲಕ್ಕ ಬಂದು ನೋಡಿದ್ರು. "ಇದೇನ್ರಿ, ಹಂದಿ ಕೊರಳ ಒತ್ತಿದಂಗ" ಅಂದು ಆಕಿ ಒಳಗ ಹ್ವಾದ್ಳು. ಬರುವಾಗ ಕೈಯಾಗ ಸಿಂಬಿ ಇತ್ತು, ಹಸರ ಸೀರಿ ಸಿಂಬಿ. ಅದನ್ನ ಬಿಚ್ಚಿದ್ಳು. ವರ್ಷಾನಗಟ್ಟಲೆ ತಲಿಮ್ಯಾಲ ಕುಂತು ಅರಿವಿ ಹಪ್ಪಳದಂಗ ಗಟ್ಟಿ ಆಗಿತ್ತು. ಪೈಪು ಕೂಡೂ ಜಾಗಾಕ್ಕ ಬಿಗಿಯಾಗಿ ಸುತ್ತಿ, ಮ್ಯಾಲ ಸುತಳಿ ಕಟ್ಟಿದ್ಳು. ಸಪ್ಪಳ ನಿಂತಿತು.

"ಇನ್ನ ಮ್ಯಾಲ ಇದು ಹೊರಲಿ" ಅಂದ್ಳು.

ಸೋಮವಾರ ಮಹಾಪಾಲಿಕೆ ಗಾಡಿ ಬಂದಾಗ ಪಾರ್ಕಿಂಗಿನಾಗ ಎಲಿ, ಸಣ್ಣ ಪುರಲಿ ಕಡ್ಡಿ, ಮತ್ತ ಆ ಎರಡು ಅತ್ತಿ ಟೊಂಗಿ ಅಷ್ಟ ಉಳದಿದ್ವು. ಟೊಂಗಿ ನಾನ ಕೈಯಾರೆ ಎತ್ತಿ ಗಾಡ್ಯಾಗ ಇಟ್ಟೆ.

ಮಳಿಗಾಲ ಹೋತು. ಈಗ ಚಳಿ ಇಲ್ಲದ ನಮ್ಮ ಮುಂಬೈ ಚಳಿಗಾಲ. ಟ್ರಾಲಿ ಬಾಗಲ ಮುಂದ ಐತಿ, ವಾರಕ್ಕೊಮ್ಮೆ ವಖಾರಿಗೆ ನಾನ ಹೋಗಿ ಬರತೀನಿ. ಆಕಿ ತಲಿಮ್ಯಾಲ ಏನೂ ಹೊರೂದಿಲ್ಲ. ಪುರಲಿ ಕಂತಿ ಬಗಲಾಗ ಹಿಡಕೊಂಡು ಬರತಾಳ, ಅದನ್ನ ನಾನು ಕಂಡೂ ಕಾಣದಂಗ ಇರತೀನಿ.

ದಿನಾ ಮುಂಜಾನೆ ಒಲಿ ಹೊತ್ತಸೂದಕ್ಕ ಮೊದಲ ಆಕಿ ಕೈ ಮುಂದ ಮಾಡಿ ಕಣ್ಣ ಮುಚ್ಚತಾಳ.  ನಾನು ಕಸಬರಗಿ ಕಡ್ಡಿ ಒಂದು ತಗೊಂಡು ಬೆರಳಿಗೆ ಸವರತೀನಿ. ಉಂಗುರಬೆರಳು ಈಗ ತಪ್ಪೂದಿಲ್ಲ. ಕಿರಿಬೆರಳಿಗೆ ಮಾತ್ರ ಎಷ್ಟು ಸವರಿದ್ರೂ ಸುಮ್ಮನ ಕುಂದರತಿದ್ಳು, ನಾನು ಕಡ್ಡಿ ಒಲಿಗೆ ಒಗೀತಿದ್ದೆ.

ನಿನ್ನೆ ಸವರಿದೆ. ಸುಮ್ಮನ ಕುಂತ್ಳು. ಕಡ್ಡಿ ಒಗದು ಏಳಾಕ ಹೊಂಟೆ.

"ತಡೀರಿ" ಅಂದ್ಳು, ಕಣ್ಣ ಮುಚ್ಚಿಕೊಂಡ. "ಮುಟ್ಟಿದ್ರೇನು?"

"ಯಾವ ಬೆರಳು?"

"ಸಣ್ಣದು. ಅಲ್ಲಿ ಏನೋ ಹಾದು ಹೋದಂಗಾತು, ಭಾಳ ದೂರಿಂದ."

ಮತ್ತೊಂದು ಕಡ್ಡಿ ಮುರದು ಮತ್ತೊಮ್ಮೆ ಸವರಿದೆ. ಆಕಿ ಒಂದು ಉಸರು ಬಿಡೂವಷ್ಟು ಹೊತ್ತು ತಗೊಂಡ್ಳು. ಆಮ್ಯಾಲ ಹೂಂ ಅಂದ್ಳು. ಮೂರನೇ ಸಲಕ್ಕ ಕೈ ಹಿಂದಕ್ಕ ತಗೊಂಡು, "ಸಾಕ್ರಿ, ಹಿಟ್ಟು ಆರತೈತಿ" ಅಂತ ನನ್ನ ಎಬ್ಬಿಸಿ ಒಲಿ ಮುಂದ ಕುಂತ್ಳು. ನಾನು ಸುಬಾಭುಳಿ ಎರಡು ತುಂಡು ತಂದು ಆಕಿ ಬಾಜೂಕ ಇಟ್ಟೆ.